ಅತ್ತೆಯ ಸಾವು ಯಾವ ಲೆಕ್ಕಕ್ಕೆ ಹೋಯಿತು? ದೇಶದ ಅಸ್ತಮಾ ಅಂಕಿ ಬಗ್ಗೆ ಒಂದು ಪ್ರಶ್ನೆ

ಆಲೆಮನೆ ಮಗ (ಪಾಂಡವಪುರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಕಳೆದ ತಿಂಗಳು ನಮ್ಮ ಅತ್ತೆ ತೀರಿಕೊಂಡರು. ಅಪ್ಪನ ತಂಗಿ, 58 ವರ್ಷ. ನನಗೆ ಬುದ್ಧಿ ಬಂದಾಗಿನಿಂದ ಅವರಿಗೆ ಗೂರಲು. ರಾತ್ರಿ ಎದ್ದು ಕೂತು ಮಂಡಿ ಮೇಲೆ ಕೈ ಊರಿ ಉಸಿರು ಎಳೆಯುತ್ತಿದ್ದರೆ ಆ ಸದ್ದು ನಡುಮನೆವರೆಗೂ ಕೇಳುತ್ತಿತ್ತು. ನಮಗೆಲ್ಲ ಅದು ಗಡಿಯಾರದ ಸದ್ದಿನ ಥರ ಆಗಿಹೋಗಿತ್ತು. ಆ ದಿನ ಬೆಳಗಿನ ಜಾವ ಜೋರಾಯಿತು. ಪಕ್ಕದ ಮನೆಯವರ ಕಾರು ಹೊರಡಿಸಿಕೊಂಡು ಆಸ್ಪತ್ರೆ ಬಾಗಿಲಿಗೆ ಹೋಗುವಷ್ಟರಲ್ಲಿ ಮುಗಿದಿತ್ತು.

ಅವರು ಕೊಟ್ಟ ಕಾಗದದಲ್ಲಿ ಸಾವಿನ ಕಾರಣ 'ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್' ಅಂತ ಇದೆ. ಅಸ್ತಮಾ ಅನ್ನುವ ಪದ ಎಲ್ಲೂ ಇಲ್ಲ. ಮೂವತ್ತು ವರ್ಷ ಅನುಭವಿಸಿದ ಕಾಯಿಲೆಯ ಹೆಸರು ಕೊನೆಯ ಕಾಗದದಲ್ಲಿ ಇಲ್ಲ ಅಂದರೆ ಏನೋ ಒಂಥರಾ ಆಗುತ್ತದೆ.

ನನ್ನ ಪ್ರಶ್ನೆ ಇಷ್ಟೇ. ದೇಶದಲ್ಲಿ ಅಸ್ತಮಾದಿಂದ ಇಷ್ಟು ಜನ ಸತ್ತರು ಅಂತ ಪೇಪರಿನಲ್ಲಿ ಬರುತ್ತದಲ್ಲ, ಆ ಲೆಕ್ಕದಲ್ಲಿ ನಮ್ಮ ಅತ್ತೆ ಇದ್ದಾರಾ? ಮತ್ತೆ, ಇದು ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗ್ತಿದೆಯಾ, ಕಡಿಮೆ ಆಗ್ತಿದೆಯಾ?

ಲೆಕ್ಕದ ಮೇಷ್ಟ್ರು (ಕುವೆಂಪುನಗರ)

ತುಂಬಾ ಬೇಜಾರಾಯಿತು ಓದಿ. ನಾನು ಡಾಕ್ಟರಲ್ಲ, ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಅಂಕಿಯ ವಿಷಯಕ್ಕಷ್ಟೇ ಬಾಯಿ ಹಾಕುತ್ತೇನೆ.

ನೇರ ಉತ್ತರ: ಹೆಸರು ಹಿಡಿದು ಎಣಿಸಿದ ಲೆಕ್ಕದಲ್ಲಿ ನಿಮ್ಮ ಅತ್ತೆ ಅಸ್ತಮಾದ ಕೆಳಗೆ ಇರುವುದಿಲ್ಲ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು ನೂರಕ್ಕೆ 22.5 ಮಾತ್ರ. ಮಿಕ್ಕವರು ಯಾಕೆ ಸತ್ತರು ಅಂತ ಸರ್ಕಾರದ ಪುಸ್ತಕದಲ್ಲೇ ಇಲ್ಲ. ಬರೆದುಕೊಟ್ಟ ಕಡೆಯೂ ನಿಮಗೆ ಆದದ್ದೇ ಕಥೆ. ಹೃದಯ ನಿಂತಿತು, ಉಸಿರು ನಿಂತಿತು ಅಂದರೆ ಅದು ಕಾರಣ ಅಲ್ಲವಲ್ಲ, ಸಾವು ಅಂದರೇನೇ ಅದು. ಯಾವುದರಿಂದ ನಿಂತಿತು ಅನ್ನುವುದನ್ನು ಕೆಳಗಿನ ಸಾಲಿನಲ್ಲಿ ಬರೆಯಬೇಕು. ಆ ಸಾಲು ಖಾಲಿ ಬಿಡುತ್ತಾರೆ.

ಹಾಗಾದರೆ ಪೇಪರಿನ ಅಂಕಿ ಎಲ್ಲಿಂದ ಬರುತ್ತದೆ? ಅದು ಅಂದಾಜು. ಮನೆಮನೆಗೆ ಹೋಗಿ ಸತ್ತವರ ಕಡೆಯವರನ್ನು ಕೇಳಿ ಬರೆದುಕೊಂಡ ಮಾಹಿತಿ, ಸಿಕ್ಕಷ್ಟು ಆಸ್ಪತ್ರೆ ದಾಖಲೆ, ಎಲ್ಲ ಸೇರಿಸಿ ಗಣಿತದ ಮಾದರಿಯಲ್ಲಿ ಹಾಕಿ ತೆಗೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ 2019ರಲ್ಲಿ ಪ್ರಪಂಚದಲ್ಲಿ ಸುಮಾರು 26 ಕೋಟಿ 20 ಲಕ್ಷ ಜನಕ್ಕೆ ಅಸ್ತಮಾ ಇತ್ತು, ಸತ್ತವರು 4 ಲಕ್ಷ 55 ಸಾವಿರ. ಈಗ ಮುಖ್ಯ ವಿಷಯ ಕೇಳಿ. ಅಸ್ತಮಾ ಇರುವವರಲ್ಲಿ ನಮ್ಮ ದೇಶದ ಪಾಲು ನೂರಕ್ಕೆ 13ರ ಆಸುಪಾಸು. ಸಾವಿನಲ್ಲಿ ನಮ್ಮ ಪಾಲು ನೂರಕ್ಕೆ 40ಕ್ಕಿಂತ ಜಾಸ್ತಿ.

ನಾನು ಇದನ್ನು ಮೊದಲ ಸಲ ಓದಿದಾಗ ಅಚ್ಚಿನ ತಪ್ಪು ಅಂದುಕೊಂಡಿದ್ದೆ.

ಏರುತ್ತಿದೆಯಾ ಇಳಿಯುತ್ತಿದೆಯಾ ಅಂದರೆ, ವಯಸ್ಸಿನ ವ್ಯತ್ಯಾಸ ಸರಿದೂಗಿಸಿ ನೋಡಿದ ಸಾವಿನ ಪ್ರಮಾಣ 1990ರಿಂದೀಚೆಗೆ ನಮ್ಮಲ್ಲೂ ಇಳಿದಿದೆ. ಆದರೆ ಬೇರೆಯವರು ಇಳಿದ ಮೆಟ್ಟಿಲಿಗೆ ನಾವಿನ್ನೂ ಬಂದಿಲ್ಲ.

ಸಾವಿರ ಮೆಟ್ಟಿಲು

ಎಲ್ಲಾ ಹೊಗೆ ಸಾರ್, ಇದರಲ್ಲಿ ಲೆಕ್ಕ ಏನು ಬಂತು. ಬೆಂಗಳೂರಲ್ಲಿ ಮಕ್ಕಳಿಗೆ 1979ರಲ್ಲಿ ನೂರಕ್ಕೆ 9 ಇದ್ದ ಅಸ್ತಮಾ 1999ಕ್ಕೆ 29.5 ಆಯಿತು ಅಂತ ಡಾ. ಪರಮೇಶ್ ಅವರ ಅಧ್ಯಯನವೇ ಇದೆ. ಮೈಸೂರಿಗೆ ಈಗ ಅದೇ ಗತಿ. ರಿಂಗ್ ರೋಡ್ ಕಡೆ ಬೆಳಿಗ್ಗೆ ವಾಕಿಂಗ್ ಹೋಗಿ ನೋಡಿ. ಇನ್ನು ಮಂಡ್ಯದ ಆಲೆಮನೆಗಳ ಕಥೆ ಕೇಳೋದೇ ಬೇಡ, ಟೈರು ಪ್ಲಾಸ್ಟಿಕ್ಕು ಎಲ್ಲ ಒಲೆಗೆ ಹಾಕುತ್ತಾರೆ. ಹೆಸರಲ್ಲೇ ಆಲೆಮನೆ ಇಟ್ಟುಕೊಂಡವರು ಇದಕ್ಕೆ ಉತ್ತರ ಕೊಡಬೇಕು.

ಆಲೆಮನೆ ಮಗ

ಕೊಡುತ್ತೇನೆ. ನಮ್ಮಪ್ಪ ಆಲೆಮನೆ ಮುಚ್ಚಿ ಹನ್ನೊಂದು ವರ್ಷ ಆಯಿತು. ನಮ್ಮಲ್ಲಿ ಒಣಗಿದ ಕಬ್ಬಿನ ಸಿಪ್ಪೆ ಬಿಟ್ಟು ಬೇರೆ ಹಾಕುತ್ತಿರಲಿಲ್ಲ. ಹಾಕುವವರು ಇದ್ದಾರೆ, ಇಲ್ಲ ಅನ್ನಲ್ಲ, ಆ ಕಪ್ಪು ಹೊಗೆ ನೋಡಿದರೇ ಗೊತ್ತಾಗುತ್ತದೆ. ಆದರೆ ಅತ್ತೆ ಕೊಪ್ಪರಿಗೆ ಹತ್ತಿರ ಬರುತ್ತಿದ್ದವರೇ ಅಲ್ಲ. ಅವರ ಹೊಗೆ ಬೇರೆ. ಮನೆಯಲ್ಲಿ ಗ್ಯಾಸ್ ಬಂದು ಎಷ್ಟೋ ವರ್ಷ ಆಗಿದ್ದರೂ ಬಚ್ಚಲ ಒಲೆ ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ತೆಂಗಿನ ಗರಿ, ಕಬ್ಬಿನ ತರಗು ತುರುಕಿ, ಊದುಗೊಳವೆ ಹಿಡಿದು ಊದುತ್ತಿದ್ದರು. ಗೂರಲು ಇರುವವರು ಊದುಗೊಳವೆ ಊದುವುದು! ಎಷ್ಟು ಸಲ ಜಗಳ ಆಡಿದ್ದೇನೆ. ಹಂಡೆ ನೀರಿನ ಸ್ನಾನ ಇಲ್ಲದಿದ್ದರೆ ಮೈ ಕಡಿಯುತ್ತದೆ ಅನ್ನುತ್ತಿದ್ದರು.

ಲೆಕ್ಕದ ಮೇಷ್ಟ್ರು

ಮೆಟ್ಟಿಲು ಅವರೇ, ಆ 29.5 ಬಳಸುವಾಗ ಸ್ವಲ್ಪ ಹುಷಾರು. ಅದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ. ಬೆಂಗಳೂರಿನ ಎಲ್ಲ ಮಕ್ಕಳದ್ದಲ್ಲ. ಏರಿದ್ದು ನಿಜ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಕಾಯಿಲೆ ಎಷ್ಟು ಜನಕ್ಕೆ ಇದೆ ಅನ್ನುವುದು ಒಂದು ಪ್ರಶ್ನೆ, ಇರುವವರಲ್ಲಿ ಎಷ್ಟು ಜನ ಅದರಿಂದ ಸಾಯುತ್ತಾರೆ ಅನ್ನುವುದು ಬೇರೆಯೇ ಪ್ರಶ್ನೆ. ಹೊಗೆ ಮೊದಲನೆಯದಕ್ಕೆ ಒಂದಿಷ್ಟು ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಹೊಗೆಯೊಂದೇ ಸಾಲದು.

ಫಿನ್ಲೆಂಡ್ ನೋಡಿ. 1994ರಲ್ಲಿ ಹತ್ತು ವರ್ಷದ ರಾಷ್ಟ್ರೀಯ ಅಸ್ತಮಾ ಕಾರ್ಯಕ್ರಮ ಶುರು ಮಾಡಿದರು. ಆ ಹತ್ತು ವರ್ಷದಲ್ಲಿ ಅಸ್ತಮಾ ಇರುವವರ ಸಂಖ್ಯೆ ಏನೂ ಇಳಿಯಲಿಲ್ಲ, ಏರಿತು. ಆದರೆ ಅಸ್ತಮಾಕ್ಕೆ ಆಸ್ಪತ್ರೆಯಲ್ಲಿ ಮಲಗುವ ದಿನಗಳು ಅರ್ಧಕ್ಕಿಂತ ಕಡಿಮೆಯಾದವು. ಒಬ್ಬೊಬ್ಬ ರೋಗಿಗೆ ಆಗುತ್ತಿದ್ದ ಖರ್ಚೂ ಮೂರರಲ್ಲಿ ಒಂದು ಭಾಗ ಇಳಿಯಿತು. ಅವರು ಮಾಡಿದ್ದು ಮಂತ್ರ ಏನಲ್ಲ. ಬೇಗ ಗುರುತಿಸಿದರು, ಊರಿನ ಸಣ್ಣ ದವಾಖಾನೆಯಲ್ಲೇ ದಿನಾ ಎಳೆಯುವ ಸ್ಟೀರಾಯ್ಡ್ ಇನ್ಹೇಲರ್ ಶುರು ಮಾಡಿಸಿದರು, ಔಷಧಿ ಅಂಗಡಿಯವರಿಗೂ ತರಬೇತಿ ಕೊಟ್ಟರು.

ನರ್ಸಕ್ಕ (ಮಂಡ್ಯ)

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು. ಹತ್ತೊಂಬತ್ತು ವರ್ಷದಿಂದ ತುರ್ತು ವಿಭಾಗದಲ್ಲಿ ಇದ್ದೇನೆ, ಯಾವ ಆಸ್ಪತ್ರೆ ಅಂತ ಕೇಳಬೇಡಿ. ರಾತ್ರಿ ಪಾಳಿಯಲ್ಲಿ ಎರಡು ಗಂಟೆಯಿಂದ ಐದು ಗಂಟೆವರೆಗೆ ಬರುವವರಲ್ಲಿ ದಮ್ಮಿನವರು ಇದ್ದೇ ಇರುತ್ತಾರೆ. ಮಳೆ ಹಿಡಿದು ಶಾಲೆ ಶುರುವಾದಾಗ ಮಕ್ಕಳು ಜಾಸ್ತಿ, ಮಂಜು ಬೀಳುವ ಕಾಲಕ್ಕೆ ವಯಸ್ಸಾದವರು ಜಾಸ್ತಿ.

ಬಂದವರಿಗೆ ಏನಾಗುತ್ತದೆ ಅಂದರೆ, ಆಕ್ಸಿಜನ್ ಹಾಕಿ ನೆಬ್ಯುಲೈಸರ್ ಇಡುತ್ತೇವೆ. ಇಪ್ಪತ್ತು ನಿಮಿಷಕ್ಕೊಂದು ಸಲ. ಒಂದು ಇಂಜೆಕ್ಷನ್ನು. ಒಂದು ಗಂಟೆಯಲ್ಲಿ ಎದೆ ಬಿಟ್ಟುಕೊಳ್ಳುತ್ತದೆ. ಅವರು ಎದ್ದು ಕೂತು "ಹೋಗ್ತೀನಿ ಸಿಸ್ಟರ್, ಹಸ ಕರೀಬೇಕು" ಅನ್ನುತ್ತಾರೆ. ಕಳಿಸುತ್ತೇವೆ. ಇವರು ದಾಖಲಾದ ಲೆಕ್ಕಕ್ಕೆ ಬರುವುದೇ ಇಲ್ಲ, ಗೊತ್ತಾಯ್ತಾ? ಒಂದೇ ತಿಂಗಳಲ್ಲಿ ನಾಲ್ಕು ಸಲ ಬಂದು ಆವಿ ಹಿಡಿಸಿಕೊಂಡು ಹೋದವರು ಇದ್ದಾರೆ. ಹಾಗಾಗಿ ದಾಖಲಾತಿ ಕಡಿಮೆಯಾಗಿದೆ ಅಂತ ಯಾರಾದರೂ ಹೇಳಿದರೆ ನಾನು ನಗುತ್ತೇನೆ.

ತೊಂದರೆ ಇರುವುದು ಅವರು ಮನೆಗೆ ಹೋದಮೇಲೆ. ಅಸ್ತಮಾ ಅಂದರೆ ಉಸಿರಿನ ಕೊಳವೆ ಒಳಗೆ ಊತ. ಊತ ಯಾವಾಗಲೂ ಇರುತ್ತದೆ, ಉಬ್ಬಸ ಮಾತ್ರ ಆಗಾಗ ಬರುತ್ತದೆ. ನೀಲಿ ಪಂಪು, ಅಂದರೆ ಉಬ್ಬಸ ಬಂದಾಗ ಎಳೆಯುವ ಇನ್ಹೇಲರ್, ಬಿಗಿದುಕೊಂಡ ಕೊಳವೆಯನ್ನು ನಾಲ್ಕೈದು ಗಂಟೆ ಬಿಚ್ಚುತ್ತದೆ ಅಷ್ಟೇ. ಊತಕ್ಕೆ ಅದು ಏನೂ ಮಾಡುವುದಿಲ್ಲ. ಊತ ಇಳಿಸುವುದು ದಿನಾ ಎಳೆಯುವ ಸ್ಟೀರಾಯ್ಡ್ ಪಂಪು. ಅದು ಎಳೆದ ತಕ್ಷಣ ಏನೂ ಅನ್ನಿಸುವುದಿಲ್ಲ. ಹಾಗಾಗಿ ಜನ ಅದನ್ನು ಬಿಟ್ಟು ಇದನ್ನು ಹಿಡಿದುಕೊಳ್ಳುತ್ತಾರೆ.

ತಮ್ಮಾ, ಒಂದು ಕೇಳಲಾ? ತಪ್ಪು ತಿಳಿಯಬೇಡ. ನಿಮ್ಮ ಅತ್ತೆ ವರ್ಷಕ್ಕೆ ಎಷ್ಟು ನೀಲಿ ಪಂಪು ಖಾಲಿ ಮಾಡುತ್ತಿದ್ದರು?

ಆಲೆಮನೆ ಮಗ

ಗೊತ್ತಿಲ್ಲ ಅಕ್ಕ. ಪಂಪ್ ತಂದುಕೊಡುತ್ತಿದ್ದದ್ದು ಅವರ ಮಗ. ಕೇಳಿ ಹೇಳುತ್ತೇನೆ.

ಔಷಧಿ ಅಂಗಡಿ (ಶ್ರೀರಂಗಪಟ್ಟಣ ರಸ್ತೆ)

ನರ್ಸಕ್ಕ ಕೇಳಿದ ಪ್ರಶ್ನೆ ನನ್ನ ಎದೆಗೇ ಚುಚ್ಚಿತು. ನಿಜ ಹೇಳುತ್ತೇನೆ, ಬೈಯುವವರು ಬೈಯಿರಿ. ನೀಲಿ ಪಂಪು ಚೀಟಿ ಇಲ್ಲದೆ ಕೇಳಿದರೂ ನಾವು ಕೊಡುತ್ತೇವೆ. ಎದುರಿಗೆ ನಿಂತವನು ಏದುಸಿರು ಬಿಡುತ್ತಿದ್ದರೆ ಚೀಟಿ ತಾ ಅಂತ ಹೇಗೆ ಕಳಿಸುವುದು? ಆದರೆ ಅವನೇ ಮೂರು ವಾರಕ್ಕೆ ಮತ್ತೆ ಬಂದಾಗ ಏನಪ್ಪಾ ಇಷ್ಟು ಬೇಗ ಅಂತ ನಾನು ಕೇಳಬೇಕಿತ್ತು. ಕೇಳುವುದಿಲ್ಲ. ವ್ಯಾಪಾರ ನೋಡಿ.

ಇನ್ನೊಂದು, ಡಾಕ್ಟರು ಎರಡೂ ಬರೆದಿರುತ್ತಾರೆ. ಜನ ಬಂದು "ಎರಡರಲ್ಲಿ ಯಾವುದು ಮುಖ್ಯ, ಅದು ಕೊಡಿ ಸಾಕು" ಅನ್ನುತ್ತಾರೆ. ಕೇಳುವಾಗಲೇ ಬೆರಳು ನೀಲಿ ಕಡೆ ತೋರಿಸುತ್ತಿರುತ್ತದೆ.

ದಸರಾ ಬೊಂಬೆ (ಸರಸ್ವತಿಪುರಂ)

ಎಲ್ಲರೂ ಸ್ಟೀರಾಯ್ಡ್ ಸ್ಟೀರಾಯ್ಡ್ ಅಂತೀರಲ್ಲ, ನನ್ನ ಮಗಳಿಗೆ ಏಳು ವರ್ಷ. ಡಾಕ್ಟರು ದಿನಾ ಎರಡು ಹೊತ್ತು ಬರೆದುಕೊಟ್ಟಿದ್ದಾರೆ. ನಮ್ಮತ್ತೆ, ನಮ್ಮಮ್ಮ ಇಬ್ಬರೂ ಎಂದೂ ಒಂದು ಮಾತಿಗೆ ಒಪ್ಪಿದವರಲ್ಲ, ಈ ವಿಷಯದಲ್ಲಿ ಒಂದಾಗಿದ್ದಾರೆ: ಮಗುವಿಗೆ ಅದೆಲ್ಲ ಅಭ್ಯಾಸ ಆಗಿಬಿಡುತ್ತೆ, ಬೆಳವಣಿಗೆ ನಿಲ್ಲುತ್ತೆ, ಬೇಡ. ಹೈದರಾಬಾದಿನಲ್ಲಿ ಮೃಗಶಿರಾ ಮಳೆ ಹುಟ್ಟುವ ದಿನ ಜೀವಂತ ಮೀನಿನ ಬಾಯಲ್ಲಿ ಔಷಧಿ ಇಟ್ಟು ನುಂಗಿಸುತ್ತಾರಂತೆ, ಅಲ್ಲಿಗೆ ಹೋಗೋಣ ಅಂತಾರೆ. ನಾವು ಮೀನು ತಿನ್ನದವರು ಅಂದರೆ, ಅಂಥವರಿಗೆ ಬೆಲ್ಲದಲ್ಲಿ ಕೊಡುತ್ತಾರಂತೆ. ನಾನು ಏನು ಮಾಡಲಿ? ಸ್ಕೂಲಿನಲ್ಲಿ ಓಟಕ್ಕೆ ಸೇರಿಸಿಕೊಳ್ಳುತ್ತಿಲ್ಲ ಅಂತ ಅವಳು ಅಳುತ್ತಾಳೆ.

ಲೆಕ್ಕದ ಮೇಷ್ಟ್ರು

ಅಮ್ಮಾ, ಲೆಕ್ಕ ಒಂದು ಹೇಳುತ್ತೇನೆ, ಔಷಧಿ ವಿಷಯ ನಿಮ್ಮ ಡಾಕ್ಟರ ಹತ್ತಿರವೇ ಇರಲಿ. ಉಬ್ಬಸ ಜೋರಾಗಿ ಆಸ್ಪತ್ರೆಗೆ ಹೋದರೆ ದೊಡ್ಡವರಿಗೆ ಐದಾರು ದಿನ ದಿನಕ್ಕೆ 40 ಮಿಲಿಗ್ರಾಂವರೆಗೂ ಸ್ಟೀರಾಯ್ಡ್ ಮಾತ್ರೆ ಕೊಡುತ್ತಾರೆ. ಅದು ಹೊಟ್ಟೆಯಿಂದ ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತುತ್ತದೆ. ಪಂಪಿನ ಒಂದು ಎಳೆತದಲ್ಲಿ ಇರುವುದು 100, 200 ಮೈಕ್ರೋಗ್ರಾಂ ಲೆಕ್ಕ. ಒಂದು ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ. ಔಷಧಿ ಬೇರೆ ಬೇರೆ, ತಕ್ಕಡಿಯಲ್ಲಿ ಹಾಗೇ ತೂಗಿದರೆ ಆಗದು, ಆದರೂ ಅಂತರ ಎಷ್ಟಿದೆ ನೋಡಿ. ಅದೂ ನೇರ ಶ್ವಾಸಕೋಶಕ್ಕೆ.

ನರ್ಸಕ್ಕ

ಎತ್ತರದ ವಿಷಯ ಸುಳ್ಳಲ್ಲ, ಮುಚ್ಚಿಡಬಾರದು. ದಿನಾ ಎಳೆಯುವ ಮಕ್ಕಳಲ್ಲಿ ಎತ್ತರ ಸ್ವಲ್ಪ, ಅಂದರೆ ಒಂದು ಸೆಂಟಿಮೀಟರ್ ಆಸುಪಾಸು, ಕಡಿಮೆ ಆಗಬಹುದು. ಆದರೆ ಹತೋಟಿಗೆ ಬರದ ಅಸ್ತಮಾ ಕೂಡ ಮಗುವಿನ ಬೆಳವಣಿಗೆಯನ್ನು ತಿನ್ನುತ್ತದೆ, ಓಟ, ನಿದ್ದೆ, ಶಾಲೆ ಎಲ್ಲ ತಿನ್ನುತ್ತದೆ. ಪಂಪಿಗೆ ಸ್ಪೇಸರ್, ಅಂದರೆ ಮೂತಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ, ಹಾಕಿ ಕೊಡಿ, ಎಳೆದಮೇಲೆ ಬಾಯಿ ಮುಕ್ಕಳಿಸಿ ಉಗಿಯಲು ಹೇಳಿ, ಇಲ್ಲವಾದರೆ ಬಾಯಲ್ಲಿ ಬಿಳಿ ಹುಣ್ಣಾಗುತ್ತದೆ. ಅಭ್ಯಾಸ ಆಗುತ್ತದೆ ಅನ್ನುವುದು ಮಾತ್ರ ಶುದ್ಧ ಸುಳ್ಳು. ನಿಮ್ಮತ್ತೆಯವರು ಬಿಪಿ ಮಾತ್ರೆ ನುಂಗುತ್ತಾರಾ? ಅದೂ ದಿನಾ ತಾನೆ?

ಮೀನಿನದು ಹೋಗುವವರು ಹೋಗಲಿ, ನನ್ನ ಜಗಳ ಇಲ್ಲ. ಒಂದೇ ಮಾತು. ಅಲ್ಲಿಗೆ ಹೋಗಿಬಂದ ಧೈರ್ಯಕ್ಕೆ ಪಂಪು ಬಿಟ್ಟವರನ್ನು ನಾನು ಜೂನ್ ಜುಲೈನಲ್ಲಿ ನೋಡುತ್ತೇನೆ.

ಸಾವಿರ ಮೆಟ್ಟಿಲು

ಒಪ್ಪಿದೆ, ಹೊಗೆ ಒಂದೇ ಅಲ್ಲ. ಆದರೆ ಔಷಧಿಯಿಂದಲೇ ಸಾವು ಇಳಿಯುತ್ತದೆ ಅನ್ನುವುದಕ್ಕೆ ಬೇರೆ ಕಡೆಯ ಉದಾಹರಣೆ ಏನಾದರೂ ಇದೆಯಾ ಮೇಷ್ಟ್ರೇ? ಫಿನ್ಲೆಂಡ್ ಶ್ರೀಮಂತ ದೇಶ, ಜನ ಕಡಿಮೆ. ನಮ್ಮದಕ್ಕೆ ಹೋಲಿಸಿದರೆ ಹೇಗೆ.

ಲೆಕ್ಕದ ಮೇಷ್ಟ್ರು

ಔಷಧಿಯಿಂದ ಸಾವು ಇಳಿದದ್ದೂ ಇದೆ, ಏರಿದ್ದೂ ಇದೆ! ನ್ಯೂಜಿಲೆಂಡಿನಲ್ಲಿ 1976ರಿಂದ ಯುವಕರ ಅಸ್ತಮಾ ಸಾವು ಇದ್ದಕ್ಕಿದ್ದಂತೆ ಜಿಗಿಯಿತು. ಹೊಗೆ ಹೆಚ್ಚಾಗಿರಲಿಲ್ಲ, ಕಾಯಿಲೆ ಅಷ್ಟು ಹೆಚ್ಚಾಗಿರಲಿಲ್ಲ. ಕೊನೆಗೆ ಅನುಮಾನ ಬಿದ್ದದ್ದು ಫೆನೊಟೆರಾಲ್ ಅನ್ನುವ ಉಬ್ಬಸ ಬಿಡಿಸುವ ಪಂಪಿನ ಮೇಲೆ. ಬಹಳ ಜೋರಿನ ಔಷಧಿ. 1989ರಲ್ಲಿ ಅದರ ಬಳಕೆಗೆ ಕಡಿವಾಣ ಹಾಕಿದಮೇಲೆ ಸಾವಿನ ಗೆರೆ ಸರ್ರನೆ ಕೆಳಗಿಳಿಯಿತು. ಇದಕ್ಕೂ ಮೊದಲು 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಐಸೊಪ್ರೆನಲಿನ್ ಪಂಪಿನಿಂದ ಇಂಥದ್ದೇ ಆಗಿತ್ತು. ಇವತ್ತಿನ ನೀಲಿ ಪಂಪು ಅಷ್ಟು ಕೆಟ್ಟದ್ದಲ್ಲ, ಗಾಬರಿ ಬೇಡ. ತುರ್ತಿಗೆ ಅದು ಜೀವ ಉಳಿಸುವುದೇ. ಅದೊಂದನ್ನೇ ನೆಚ್ಚಿಕೊಂಡರೆ ಕಷ್ಟ.

ಅಮೆರಿಕದಲ್ಲಿ 1990ರ ದಶಕದ ಮಧ್ಯದಲ್ಲಿ ವರ್ಷಕ್ಕೆ ಐದೂವರೆ ಸಾವಿರ ದಾಟಿದ್ದ ಅಸ್ತಮಾ ಸಾವು 2019ಕ್ಕೆ ಮೂರೂವರೆ ಸಾವಿರಕ್ಕೆ ಬಂತು. 2020ರಲ್ಲಿ ಮತ್ತೆ ನಾಲ್ಕು ಸಾವಿರ ದಾಟಿತು. ತಮಾಷೆ ನೋಡಿ, ಅದೇ ವರ್ಷ ಅಸ್ತಮಾಕ್ಕೆ ಆಸ್ಪತ್ರೆ ಸೇರಿದವರು ಕಡಿಮೆ. ಮಾಸ್ಕು, ಮನೆಯಲ್ಲೇ ಇದ್ದದ್ದು, ನೆಗಡಿ ಹರಡದೇ ಇದ್ದದ್ದು ಒಂದು ಕಡೆ. ಆಸ್ಪತ್ರೆಗೆ ಹೋಗಲು ಹೆದರಿದ್ದೂ ಒಂದು ಕಾರಣ ಇರಬಹುದು ಅನ್ನುವುದು ನನ್ನ ಊಹೆ. ದಾಖಲಾತಿ ಇಳಿದರೆ ಕಾಯಿಲೆ ಇಳಿಯಿತು ಅಂತ ಅರ್ಥ ಅಲ್ಲ ಅಂತ ನರ್ಸಕ್ಕ ಆಗಲೇ ಹೇಳಿದ್ದು ಇದೇ.

ಶ್ರೀಮಂತ ದೇಶದಲ್ಲೂ ಹುಳುಕಿದೆ. ಬ್ರಿಟನ್ನಿನಲ್ಲಿ 2012ರ ಫೆಬ್ರವರಿಯಿಂದ ಒಂದು ವರ್ಷದ ಸಾವುಗಳನ್ನು ಒಂದೊಂದಾಗಿ ತೆಗೆದು ಪರಿಶೀಲಿಸಿ 2014ರಲ್ಲಿ ವರದಿ ಕೊಟ್ಟರು. 195 ಸಾವು. ಅದರಲ್ಲಿ ನೂರಕ್ಕೆ 45 ಜನ ವೈದ್ಯರ ಸಹಾಯ ಕೇಳದೆಯೋ ಅದು ಸಿಗುವ ಮೊದಲೋ ಹೋಗಿದ್ದರು. ಪಂಪಿನ ಲೆಕ್ಕ ಸಿಕ್ಕವರಲ್ಲಿ ನೂರಕ್ಕೆ 39 ಜನಕ್ಕೆ ಸಾಯುವ ಮುಂಚಿನ ವರ್ಷ 12ಕ್ಕಿಂತ ಜಾಸ್ತಿ ಉಬ್ಬಸ ಬಿಡಿಸುವ ಪಂಪು ಬರೆದುಕೊಟ್ಟಿದ್ದರು. ತಿಂಗಳಿಗೆ ಒಂದಕ್ಕಿಂತ ಜಾಸ್ತಿ.

ನಮ್ಮ ಕಥೆ ಬೇಕಾದರೆ ದೂರ ಹೋಗಬೇಕಿಲ್ಲ. ದೇಶದ ಒಂಬತ್ತು ಊರುಗಳಲ್ಲಿ 1 ಲಕ್ಷ 27 ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ ಮಾಡಿದ ಸಮೀಕ್ಷೆಯೊಂದು 2022ರಲ್ಲಿ ಪ್ರಕಟವಾಯಿತು, ಅದರಲ್ಲಿ ನಮ್ಮ ಮೈಸೂರೂ ಒಂದು ಊರು. ಗೂರಲು ಇರುವವರಲ್ಲಿ ನೂರಕ್ಕೆ 82 ಜನಕ್ಕೆ ಇದು ಅಸ್ತಮಾ ಅಂತ ಯಾರೂ ಹೇಳೇ ಇಲ್ಲ. ತೀವ್ರ ಲಕ್ಷಣ ಇರುವವರಲ್ಲೂ 70. ದಿನಾ ಸ್ಟೀರಾಯ್ಡ್ ಪಂಪು ಎಳೆಯುವವರು ನೂರಕ್ಕೆ ಎರಡೂವರೆಯೂ ಇಲ್ಲ. ಅಸ್ತಮಾ ಅಂತ ಗೊತ್ತಾದವರನ್ನೇ ತೆಗೆದುಕೊಂಡರೂ ಹತ್ತು ದಾಟುವುದಿಲ್ಲ.

ಕಾಯಿಲೆಯಲ್ಲಿ ನೂರಕ್ಕೆ 13 ಇದ್ದ ನಮ್ಮ ಪಾಲು ಸಾವಿನಲ್ಲಿ 40 ಆದದ್ದು ಎಲ್ಲಿ ಅಂತ ನನಗೆ ಇಲ್ಲಿ ಕಾಣಿಸುತ್ತದೆ.

ಔಷಧಿ ಅಂಗಡಿ

ಅಸ್ತಮಾ ಅಂತ ಯಾಕೆ ಹೇಳುವುದಿಲ್ಲ ಗೊತ್ತಾ? ಹೆಣ್ಣು ಮಕ್ಕಳ ಮನೆಯವರು ಬೇಡ ಅನ್ನುತ್ತಾರೆ. ಅಲರ್ಜಿ ಕೆಮ್ಮು ಅಂತ ಹೇಳಿ ಸಾರ್, ಗಂಡು ನೋಡ್ತಾ ಇದ್ದೀವಿ. ಪಂಪನ್ನು ಪೇಪರಿನಲ್ಲಿ ಸುತ್ತಿ ಕಪ್ಪು ಕವರಿನಲ್ಲಿ ಹಾಕಿಕೊಡಬೇಕು. ಬುಡೆಸೊನೈಡ್ ಅನ್ನುವ ಸ್ಟೀರಾಯ್ಡ್ ಪಂಪು ಕೇಂದ್ರ ಸರ್ಕಾರದ ಅಗತ್ಯ ಔಷಧಿಗಳ 2022ರ ಪಟ್ಟಿಯಲ್ಲೇ ಇದೆ, ಕೊಳ್ಳಲು ಬರುವವರಿಗಿಂತ ಮುಚ್ಚಿಟ್ಟುಕೊಳ್ಳುವವರೇ ಜಾಸ್ತಿ ಆದರೆ ಪಟ್ಟಿ ಏನು ಮಾಡೀತು.

ದಸರಾ ಬೊಂಬೆ

ಮೇಷ್ಟ್ರೇ, ನರ್ಸಕ್ಕ, ಇಬ್ಬರ ಮಾತನ್ನೂ ನಮ್ಮತ್ತೆಗೆ ಜೋರಾಗಿ ಓದಿ ಹೇಳಿದೆ. ಬಿಪಿ ಮಾತ್ರೆ ಮಾತಿಗೆ ಸಿಟ್ಟು ಬಂತು. ಈಗ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಜಾಸ್ತಿ ಆಗಿದೆ. ಆದರೆ ಸಂಜೆ ಅವರೇ ಮಗಳಿಗೆ ಬಾಯಿ ಮುಕ್ಕಳಿಸು ಅಂದರು.

ಇನ್ನೊಂದು ಪ್ರಶ್ನೆ. ಯಾವಾಗ ಮನೆಯಲ್ಲಿ ಕಾಯಬಾರದು? ಅದು ಹೇಗೆ ಗೊತ್ತಾಗುತ್ತದೆ?

ನರ್ಸಕ್ಕ

ಒಂದು ವಾಕ್ಯ ಪೂರ್ತಿ ಹೇಳಲಾಗದೆ ನಡುವೆ ಉಸಿರಿಗೆ ನಿಲ್ಲಿಸಿದರೆ. ಪಕ್ಕೆಲುಬಿನ ನಡುವೆ, ಕುತ್ತಿಗೆ ಕುಳಿಯಲ್ಲಿ ಚರ್ಮ ಒಳಗೆ ಎಳೆದುಕೊಂಡರೆ. ತುಟಿ ನೀಲಿಯಾದರೆ. ಪಂಪು ಎಳೆದರೂ ಬಿಡದಿದ್ದರೆ, ಅಥವಾ ಬಿಟ್ಟು ಮತ್ತೆ ಬೇಗ ಹಿಡಿದರೆ. ಹೊರಡಿ, 108ಕ್ಕೆ ಫೋನ್ ಮಾಡಿ. ದಾರಿಯಲ್ಲಿ ಸ್ಪೇಸರಿನಲ್ಲಿ ಪಂಪು ಕೊಡುತ್ತಾ ಇರಿ. ಎಷ್ಟು ಸಲ ಕೊಡಬೇಕು ಅಂತ ನಿಮ್ಮ ಡಾಕ್ಟರ ಹತ್ತಿರ ಮೊದಲೇ ಬರೆಸಿಕೊಂಡು ಫ್ರಿಜ್ ಮೇಲೆ ಅಂಟಿಸಿ.

ಎಲ್ಲರೂ ತಪ್ಪು ತಿಳಿಯುವುದು ಒಂದಿದೆ. ಗೊರಗೊರ ಸದ್ದು ನಿಂತರೆ ಕಡಿಮೆಯಾಯಿತು ಅಂದುಕೊಳ್ಳುತ್ತಾರೆ. ಮನುಷ್ಯ ಸುಸ್ತಾಗಿ ತೂಕಡಿಸುತ್ತಾ ಸದ್ದು ನಿಂತರೆ ಅದು ಕಡಿಮೆಯಾದದ್ದಲ್ಲ. ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಹೋಗುತ್ತಿಲ್ಲ ಅಂತ.

ಆಲೆಮನೆ ಮಗ

ಎರಡು ದಿನ ಆಯಿತು ಬರೆದು. ಅಕ್ಕ, ನೀವು ಕೊನೆಗೆ ಬರೆದದ್ದು ಓದಿ ಸ್ವಲ್ಪ ಹೊತ್ತು ಎದ್ದು ಹೋಗಿದ್ದೆ. ಆ ದಿನ ಕಾರಿನಲ್ಲಿ ಸದ್ದು ನಿಂತಾಗ "ನಿದ್ದೆ ಹತ್ತಿತು, ಎಬ್ಬಿಸಬೇಡಿ" ಅಂದದ್ದು ನಾನೇ.

ಪಂಪು ಎಣಿಸಿದೆ. ಅತ್ತೆಯ ಟ್ರಂಕಿನಲ್ಲಿ ಒಂದು ಬಿಸ್ಕತ್ತಿನ ಡಬ್ಬ ಇತ್ತು, ಅದರಲ್ಲಿ ಖಾಲಿ ನೀಲಿ ಪಂಪುಗಳು. ಬಿಸಾಡಿರಲಿಲ್ಲ. ಒಟ್ಟು 17. ಅದೇ ಡಬ್ಬದಲ್ಲಿ ಮಡಿಚಿಟ್ಟ ಬಿಲ್ಲುಗಳಲ್ಲಿ ಕಳೆದ ಒಂದು ವರ್ಷದವು 13. ಮೇಷ್ಟ್ರೇ, ಒಂದರಲ್ಲಿ 200 ಎಳೆತ ಅಂತ ಮೇಲೆ ಬರೆದಿದೆ. 2600. ದಿನಕ್ಕೆ ಏಳು. ನಾವು ಮನೆಯಲ್ಲಿ ಆರು ಜನ ಇದ್ದೀವಿ, ದಿನಕ್ಕೆ ಏಳು ಸಲ ಎಳೆಯುತ್ತಿದ್ದದ್ದು ಒಬ್ಬರಿಗೂ ಲೆಕ್ಕಕ್ಕೆ ಬರಲಿಲ್ಲ.

ಕೆಳಗೆ ಇನ್ನೊಂದು ಪಂಪು ಇತ್ತು, ಬೇರೆ ಬಣ್ಣದ್ದು. 120 ಎಳೆತದ್ದು. ಉಳಿದದ್ದು ತೋರಿಸುವ ಕಿಂಡಿಯಲ್ಲಿ 104 ಅಂತ ನಿಂತಿದೆ. ಅವರ ಮಗನನ್ನು ಕೇಳಿದೆ. "ಅದು ಎಳೆದರೆ ಏನೂ ಆಗಲ್ಲ ಕಣೋ, ಸುಮ್ನೆ ದುಡ್ಡು ದಂಡ" ಅಂದು ಎಂಟು ದಿನಕ್ಕೆ ಬಿಟ್ಟರಂತೆ.

ಈಗ ವಿಷಯ ಏನೆಂದರೆ, ಅವನ ಮಗನಿಗೂ, ಅಂದರೆ ಅತ್ತೆಯ ಮೊಮ್ಮಗನಿಗೂ, ರಾತ್ರಿ ಹೊತ್ತು ಕೆಮ್ಮು. ಒಂಬತ್ತು ವರ್ಷ. ಅಜ್ಜಿಯ ಪಂಪನ್ನೇ ಆಗಾಗ ಎಳೆಸುತ್ತಿದ್ದರಂತೆ. ಅಸ್ತಮಾ ಅಂತ ಯಾರೂ ಹೇಳಿಲ್ಲ. ಸೋಮವಾರ ಕರೆದುಕೊಂಡು ಬರುತ್ತೇನೆ ಅಕ್ಕ, ನೀವು ಯಾವ ಪಾಳಿ?

ನರ್ಸಕ್ಕ

ಬೆಳಗಿನ ಪಾಳಿ. ಮಕ್ಕಳ ವಿಭಾಗಕ್ಕೆ ಮೊದಲು ಚೀಟಿ ಮಾಡಿಸು, ನಾನು ಬಂದು ಮಾತಾಡುತ್ತೇನೆ. ವಿಳಾಸ ಒಳಪೆಟ್ಟಿಗೆಗೆ ಹಾಕಿದ್ದೇನೆ. ಆ ಬಿಸ್ಕತ್ತಿನ ಡಬ್ಬ ಹಾಗೇ ತಗೊಂಡು ಬಾ. ಹುಡುಗನ ಅಪ್ಪನನ್ನೂ.